ಕುಂಬಳಕಾಯಿಯೊಳಗಿನ ಎರಡು ಕಿಲೋ

ಇನ್‌ಸ್ಪೆಕ್ಟರಿಗೆ ಹೃದಯ ಇರಲಿಲ್ಲ. ಆ ಜಾಗದಲ್ಲಿ ಒಂದು ತಕ್ಕಡಿ ಇತ್ತು, ಅದೂ ವರ್ಷಕ್ಕೊಮ್ಮೆ ಮುದ್ರೆ ಒತ್ತಿಸಿಕೊಂಡದ್ದು. ಇದು ಬೀದಿಯವರ ಅಭಿಪ್ರಾಯವಲ್ಲ, ಮೂವತ್ತೊಂಬತ್ತು ವರ್ಷ ಅವರೊಡನೆ ಬಾಳಿದ ಹೆಂಡತಿಯ ತೀರ್ಪು. ಆಕೆ ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ತರಕಾರಿಯವಳಿಗೂ ಹೇಳುತ್ತಿದ್ದಳು, ಅವರ ಎದುರಿಗೂ ಹೇಳುತ್ತಿದ್ದಳು. ಎದುರಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, "ಹೃದಯ ಇಲ್ಲದೆ ಮನುಷ್ಯ ಬದುಕಲ್ಲ. ಸುಮಾರು ಮುನ್ನೂರು ಗ್ರಾಂ ಇರುತ್ತೆ," ಎನ್ನುತ್ತಿದ್ದರು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಹೇಳದೆ ಕೇಳದೆ ಅಂಗಡಿಗಳಿಗೆ ನುಗ್ಗಿ ತಕ್ಕಡಿ ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಲೋಕದ ಸಕಲ ಪಾಪಗಳಿಗೂ ಮೂಲ ವ್ಯಾಪಾರಿಯ ಹೆಬ್ಬೆರಳು ಎಂಬುದು ಅವರ ಸಿದ್ಧಾಂತ. ತೂಗುವಾಗ ಏನೂ ಅರಿಯದ ಹಾಗೆ ತಟ್ಟೆಯ ಅಂಚಿಗೆ ತಾಗುವ ಹೆಬ್ಬೆರಳು. ಮದುವೆಯಾದ ವಾರದಲ್ಲಿ ಹೊಸ ಹೆಂಡತಿಯನ್ನು ಸಂಜೆ ಸುತ್ತಾಡಲು ಕರೆದೊಯ್ದು, ಹಣ್ಣಿನಂಗಡಿಯ ಎದುರು ನಿಲ್ಲಿಸಿ, ಆಕೆಯ ಕಿವಿಯಲ್ಲಿ ಅವರು ಪಿಸುಗುಟ್ಟಿದ ಮೊದಲ ಮಾತು, "ಅವನ ಹೆಬ್ಬೆರಳು ನೋಡು." (ಆಕೆ ಬೇರೇನನ್ನೋ ನಿರೀಕ್ಷಿಸಿ ಕಿವಿ ಕೊಟ್ಟಿದ್ದಳು.) ತಾವು ತೂಗುವಾಗ ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಉಸಿರಿಗೂ ತೂಕವಿದೆಯಂತೆ.

ಮನೆಯಲ್ಲೂ ಅದೇ ಕಾನೂನು. ಮಗಳ ಐದನೆಯ ಹುಟ್ಟುಹಬ್ಬದ ಕೇಕನ್ನು ಹನ್ನೊಂದು ಸಮಪಾಲು ಮಾಡಿ, ಉದುರಿದ ಪುಡಿಯನ್ನೂ ಹನ್ನೊಂದು ಪಾಲು ಮಾಡಿ ಮುಗಿಸುವಷ್ಟರಲ್ಲಿ ಬಂದಿದ್ದ ಮಕ್ಕಳಲ್ಲಿ ಇಬ್ಬರು ನಿದ್ದೆಹೋಗಿದ್ದರು. ಅಂಗಡಿಯವನು ಪ್ರೀತಿಯಿಂದ ನಾಲ್ಕು ಕಾಳು ಕೊಸರು ಹಾಕಿದರೆ, ಮನೆಗೆ ಬಂದು ತೂಗಿ, ನಾಲ್ಕೂ ಕಾಳನ್ನು ಹಿಂದಕ್ಕೆ ಕೊಟ್ಟುಬರುತ್ತಿದ್ದರು. ನಿವೃತ್ತಿಯ ದಿನ ಮಿಕ್ಕವರಿಗೆಲ್ಲ ಗೋಡೆ ಗಡಿಯಾರ ಸಿಕ್ಕರೆ ಇವರು ಬಾಯಿಬಿಟ್ಟು ಕೇಳಿ ಪಡೆದದ್ದು ಕಚೇರಿಯ ಹಳೆಯ ಹಿತ್ತಾಳೆ ತೂಕದ ಕಲ್ಲುಗಳ ಪೆಟ್ಟಿಗೆ. (ಹಿತ್ತಾಳೆಯದಾದರೂ ಹೆಸರು ಕಲ್ಲು. ಗಂಡನ ಮನಸ್ಸಿಗೂ ಹೆಂಡತಿ ಇದೇ ಶಬ್ದವನ್ನು ಬಳಸುತ್ತಿದ್ದಳು.) ಪೆಟ್ಟಿಗೆಯೊಳಗೆ ನೀಲಿ ಮಖಮಲ್ಲು, ಒಂದೊಂದು ಕಲ್ಲಿಗೂ ಅದರದೇ ಅಳತೆಯ ಗುಳಿ. ಭಾನುವಾರ ಬೆಳಿಗ್ಗೆ ಬೀಗ ತೆಗೆದು ಅವುಗಳ ಮೇಲೆ ಬಾಯಿಂದ ಗಾಳಿ ಊದುತ್ತಿದ್ದರು. ಬಟ್ಟೆಯಿಂದ ಉಜ್ಜುತ್ತಿರಲಿಲ್ಲ. ಉಜ್ಜಿದರೆ ಸವೆಯುತ್ತವೆ.

ಎಲೆ ಉದುರುವ ಕಾಲ ಬಂತೆಂದರೆ ಮಿಕ್ಕವರ ಅಂಗಳದಲ್ಲಿ ಎಲೆಗಳು ಬಿದ್ದಿರುತ್ತಿದ್ದವು. ಇನ್‌ಸ್ಪೆಕ್ಟರ ಅಂಗಳದಲ್ಲಿ ಅವು ಮೂರು ಮೂರು ಕಿಲೋದ ಗುಡ್ಡೆಗಳಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿರುತ್ತಿದ್ದವು.

ಈ ಕಾಲಕ್ಕೆ ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹಿತ್ತಲಿನ ದೊಡ್ಡ ಮರ ಪೂರ್ತಿ ಬೋಳಾದ ಮೇಲೆ ಬರುವ ಮೊದಲ ಭಾನುವಾರ ಎಲ್ಲರೂ ಈ ಮನೆಯಲ್ಲಿ ಸೇರಬೇಕು. ಇನ್‌ಸ್ಪೆಕ್ಟರು ಮತ್ತು ಅವರ ತಮ್ಮ, ಇಬ್ಬರ ಸಂಸಾರಗಳೂ ತಾವು ಬೆಳೆದ ಒಂದೊಂದು ಕುಂಬಳಕಾಯಿಯನ್ನು ತೂಗಿಸಬೇಕು. ಗೆದ್ದ ಸೊಸೆ ಅಂದು ಮಾವನವರ ಕೈಕುರ್ಚಿಯಲ್ಲಿ ಕೂರಬೇಕು, ಅತ್ತೆಯ ಕಂಚಿನ ಸೌಟನ್ನು ಒಂದು ವರ್ಷ ಇಟ್ಟುಕೊಳ್ಳಬೇಕು. ಮಾವನವರು ಇದನ್ನೆಲ್ಲ ನಿಯಮಾವಳಿಯ ಹಾಗೆ ಬರೆದಿಟ್ಟು ಹೋಗಿದ್ದರು. ಕೊನೆಯ ನಿಯಮ: ಬಿಡದೆ ಎಂಟು ವರ್ಷ ಗೆದ್ದವರಿಗೆ ಸೌಟು ಖಾಯಂ.

ಹೆಡ್‌ಮಿಸ್ ಏಳು ವರ್ಷ ಬಿಡದೆ ಗೆದ್ದಿದ್ದಳು. ಹೆಡ್‌ಮಿಸ್ ಎಂದರೆ ಇನ್‌ಸ್ಪೆಕ್ಟರ ತಮ್ಮನ ಹೆಂಡತಿ. ಒಂದು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ಮನೆಯಲ್ಲೂ ಅದನ್ನು ಮರೆಯದವಳು. ಈಕೆಯ ಎದುರು ಏಳು ವರ್ಷ ಬಿಡದೆ ಸೋತವಳು ಇನ್‌ಸ್ಪೆಕ್ಟರ ಹೆಂಡತಿ. ಅತ್ತೆ ಮಾವ ಹೋಗಿ ಹನ್ನೊಂದು ವರ್ಷವಾದರೂ ಎಲ್ಲರ ಬಾಯಲ್ಲೂ ಆಕೆ ಇನ್ನೂ ದೊಡ್ಡಸೊಸೆಯೇ.

ದೊಡ್ಡಸೊಸೆಗೆ ಕುರ್ಚಿ ಬೇಕಿರಲಿಲ್ಲ, ಅದರ ಒಂದು ಕಾಲು ಅಲ್ಲಾಡುತ್ತಿತ್ತು. ಆಕೆಗೆ ಬೇಕಿದ್ದದ್ದು ಸೌಟು. ಅತ್ತೆ ಆ ಸೌಟಿನಿಂದ ಬಡಿಸಿದ್ದಕ್ಕಿಂತ ಅದನ್ನು ತೋರಿಸಿ ಗದರಿಸಿದ್ದೇ ಹೆಚ್ಚು. ಹದಿನೇಳು ವರ್ಷ ಒಂದೇ ಅಡುಗೆಮನೆಯಲ್ಲಿ ಅದರ ಗದರಿಕೆ ತಿಂದವಳು ತಾನು. ವರ್ಷಕ್ಕೆ ಎರಡು ದಿನ ಬಂದು, ಊಟ ಮಾಡಿ, "ಅತ್ತೆ ಎಷ್ಟು ಒಳ್ಳೆಯವರು" ಎಂದು ಹೋಗುತ್ತಿದ್ದವಳಿಗೆ ಸೌಟು ಖಾಯಂ ಆಗುವುದೆಂದರೆ ಯಾವ ನ್ಯಾಯ? ಬಿಸಿಲಲ್ಲಿ ನಿಂತವರೊಬ್ಬರು, ಕೊಡೆ ಸಿಕ್ಕಿದ್ದು ಇನ್ನೊಬ್ಬರಿಗೆ.

ಈ ಸಲ ಆಕೆಯ ಬಳ್ಳಿಯಲ್ಲಿ ನಿಜಕ್ಕೂ ದೊಡ್ಡ ಕಾಯಿ ಬಿಟ್ಟಿತ್ತು. ಬೇಸಿಗೆಯಿಡೀ ಅದಕ್ಕೆ ನೀರುಣಿಸಿ, ಕೆಳಗೆ ಹುಲ್ಲು ಹಾಸಿ, ಬಿಸಿಲು ಹೆಚ್ಚಾದರೆ ತನ್ನದೇ ಹಳೆ ಸೀರೆ ಹೊದಿಸಿ ಸಾಕಿದ್ದಳು. ಶುಕ್ರವಾರ ಮಧ್ಯಾಹ್ನ ಹೆಡ್‌ಮಿಸ್‌ಳ ಫೋನು ಬಂತು.

"ಅಕ್ಕಾ, ನಿಮ್ಮ ಕಾಯಿ ಹೇಗಿದೆ? ಹೋದ ವರ್ಷದ್ದು ಎಷ್ಟು ಮುದ್ದಾಗಿತ್ತು!"

"ಈ ವರ್ಷವೂ ಮುದ್ದಾಗೇ ಇದೆ."

"ನಮ್ಮದು ನೋಡಿ, ಮುದ್ದು ಗಿದ್ದು ಏನಿಲ್ಲ. ಕಾರಿಗೆ ಹತ್ತಿಸೋಕೆ ಇವರೊಬ್ಬರ ಕೈಲಿ ಆಗ್ಲಿಲ್ಲ, ಪಕ್ಕದ ಮನೆಯವರನ್ನ ಕರೀಬೇಕಾಯ್ತು. ಆಮೇಲೆ ಅಕ್ಕಾ, ಸೌಟು ನೇತುಹಾಕೋಕೆ ಅಂತ ಗೋಡೆಗೊಂದು ಮೊಳೆ ಹೊಡೆಸಿದೀನಿ. ತಮಾಷೆಗೆ!"

ಫೋನು ಇಟ್ಟಾಗ ದೊಡ್ಡಸೊಸೆಯ ತಲೆಯಲ್ಲೂ ಒಂದು ಮೊಳೆ ಇಳಿದಿತ್ತು. ನೇರವಾಗಿ ಗಂಡನ ಬಳಿ ಹೋದಳು. ಅವರು ಅಂಗಳದಲ್ಲಿ ಐದನೆಯ ಎಲೆಗುಡ್ಡೆಯಿಂದ ಎರಡು ಎಲೆ ತೆಗೆದು ಆರನೆಯದಕ್ಕೆ ಹಾಕುತ್ತಿದ್ದರು.

"ರೀ, ನನ್ನ ಕಾಯನ್ನ ಒಂದ್ಸಲ ತೂಗಿ ಹೇಳಿ. ಎಷ್ಟಿದೆ ಅಂತ ಗೊತ್ತಾದ್ರೆ ಸಾಕು."

"ಆಗಲ್ಲ. ಮುಂಚಿತವಾಗಿ ತೂಗೋದು ನಿಯಮಕ್ಕೆ ವಿರುದ್ಧ."

"ನಾನು ನಿಮ್ಮ ಹೆಂಡತಿ."

"ಅದಕ್ಕೇ ಇನ್ನೂ ವಿರುದ್ಧ."

"ನಿಮ್ಮ ತಾಯಿ ಸೌಟು ಕಣ್ರೀ! ಕೈಬಿಟ್ಟು ಹೋಗತ್ತೆ!"

"ತೂಕದಲ್ಲಿ ಇದ್ರೆ ಬರುತ್ತೆ, ಇಲ್ಲದಿದ್ರೆ ಹೋಗುತ್ತೆ," ಎಂದು ಇನ್‌ಸ್ಪೆಕ್ಟರು ಮೂರನೆಯ ಎಲೆಯನ್ನು ಕೈಗೆತ್ತಿಕೊಂಡರು.

ಕಲ್ಲನ್ನು ಹಿಂಡಿದರೆ ನೀರು ಬರುವುದಿಲ್ಲ. ಆದರೆ ಕಲ್ಲಿನಿಂದ ಬೇರೆ ಉಪಯೋಗಗಳಿವೆ. ಆ ಸಂಜೆ ಇನ್‌ಸ್ಪೆಕ್ಟರು ವಾಕಿಂಗ್ ಹೋದ ನಲವತ್ತು ನಿಮಿಷಗಳಲ್ಲಿ (ಅವರು ಹೋಗುವುದು ನಲವತ್ತೇ ನಿಮಿಷ, ನಲವತ್ತೊಂದಲ್ಲ) ದೊಡ್ಡಸೊಸೆ ಜೀವನದ ಮೊದಲ ಅಪರಾಧವನ್ನು ಎಸಗಿದಳು. ಪೆಟ್ಟಿಗೆಯ ಬೀಗದ ಕೈ ಅವರ ಕನ್ನಡಕದ ಡಬ್ಬಿಯಲ್ಲಿ ಇರುವುದು ಆಕೆಗೆ ಗೊತ್ತಿತ್ತು. ನೀಲಿ ಮಖಮಲ್ಲಿನಿಂದ ಎರಡು ಕಿಲೋ ಕಲ್ಲನ್ನು ಎತ್ತಿದಳು. ಕುಂಬಳಕಾಯಿಯನ್ನು ಬೋರಲು ಹಾಕಿ, ತಳದಲ್ಲಿ ಬಿರಡೆಯ ಹಾಗೆ ದುಂಡಗೆ ಕೊಯ್ದು, ಕಲ್ಲಿಗೆ ಬೇಕಾದಷ್ಟು ತಿರುಳು ಬೀಜಗಳನ್ನು ತೋಡಿ ಒಂದು ಬಟ್ಟಲಿಗೆ ತುಂಬಿದಳು. ಅಲ್ಲಾಡಿದರೆ ಸದ್ದಾಗದಿರಲಿ ಎಂದು ಒಗೆದ ಬಟ್ಟೆಗಳ ರಾಶಿಯಲ್ಲಿ ಕೈಗೆ ಸಿಕ್ಕ ಒಂದು ಕಾಲುಚೀಲಕ್ಕೆ ಕಲ್ಲನ್ನು ಇಳಿಸಿ, ಒಳಗೆ ಸೇರಿಸಿ, ಬಿರಡೆ ಮುಚ್ಚಿ, ಸುತ್ತ ಮೇಣದಬತ್ತಿಯ ಮೇಣ ಕರಗಿಸಿ ಸವರಿ, ಅದರ ಮೇಲೆ ಮಣ್ಣು ಒರೆಸಿದಳು. ನಿಂತು ನೋಡಿದರೆ ತನ್ನ ಕೈಕೆಲಸಕ್ಕೆ ತನಗೇ ಹೆಮ್ಮೆಯಾಯಿತು. ಇಷ್ಟು ವರ್ಷ ಪ್ರಾಮಾಣಿಕಳಾಗಿ ಎಂಥ ಪ್ರತಿಭೆಯನ್ನು ಹಾಳುಮಾಡಿಕೊಂಡೆ ಎನಿಸಿತು.

ಬಟ್ಟಲಲ್ಲಿದ್ದದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ಫ್ರಿಜ್ಜಿನಲ್ಲಿ ಮುಚ್ಚಿಟ್ಟು, ಶನಿವಾರ ಮಧ್ಯಾಹ್ನ ಬೇಯಿಸಿ ಬಡಿಸಿದಳು. ಇನ್‌ಸ್ಪೆಕ್ಟರು ಒಂದು ತುತ್ತು ತಿಂದರು.

"ಕುಂಬಳಕಾಯಿ."

"ಹೌದು. ಅಂಗಡಿಯದು."

"ತೂಕ ಸರಿ ಹಾಕಿದ್ನಾ?"

"ಹಾಕಿದ."

"ಹೆಬ್ಬೆರಳು?"

"ಹೆಬ್ಬೆರಳು ಜೇಬಲ್ಲಿತ್ತು. ತಿನ್ನಿ ಸುಮ್ನೆ."

ಅವರು ಸುಮ್ಮನೆ ತಿಂದರು. ಎರಡನೆಯ ಸಲವೂ ಹಾಕಿಸಿಕೊಂಡರು.

ಭಾನುವಾರ ಬಂತು. ಮರದಲ್ಲಿ ಒಂದೂ ಎಲೆಯಿಲ್ಲ, ಆಕಾಶ ತಿಳಿಯಾಗಿ ಗಾಳಿ ತಣ್ಣಗಿತ್ತು. ಹೆಡ್‌ಮಿಸ್ ಬಂದಳು. ಆಕೆಯ ಹಿಂದೆ ಕುಂಬಳಕಾಯಿಯನ್ನು ಎದೆಗೊತ್ತಿಕೊಂಡು ಏದುಸಿರು ಬಿಡುತ್ತ ಆಕೆಯ ಗಂಡ ಬಂದರು. ಅವರು ಹಲ್ಲಿನ ಡಾಕ್ಟರು, ಬಹಳ ಸಾಧು. ಬೇರೆಯವರ ಬಾಯಿ ಬಿಡಿಸುವ ಉದ್ಯೋಗವಾದರೂ ಹೆಂಡತಿಯ ಎದುರು ತಮ್ಮ ಬಾಯಿ ಬಿಡುತ್ತಿದ್ದದ್ದು ಅಪರೂಪ. ಎಲ್ಲರಿಗಿಂತ ಕೊನೆಗೆ ಇನ್‌ಸ್ಪೆಕ್ಟರ ತಂಗಿ ನರ್ಸಮ್ಮ, ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದಿಳಿದಳು. ಅವಳು ಏನನ್ನೂ ಬೆಳೆಯುತ್ತಿರಲಿಲ್ಲ. ವರ್ಷಾವರ್ಷ ಜಗಳ ನೋಡಲು ಮತ್ತು ಊಟ ಮಾಡಲು ಬರುತ್ತಿದ್ದಳು.

"ಎಲ್ಲಿ, ಎರಡೂ ಮಕ್ಕಳನ್ನ ತೋರಿಸಿ," ಎಂದು ನರ್ಸಮ್ಮ ಕಾಯಿಗಳೆರಡನ್ನೂ ತಟ್ಟಿ ನೋಡಿದಳು. "ದೊಡ್ಡತ್ತಿಗೆ, ನಿಮ್ಮದು ಈ ಸಲ ದಷ್ಟಪುಷ್ಟ. ಏನು ತಿನ್ನಿಸಿದ್ರಿ?"

"ಪ್ರೀತಿ," ಎಂದಳು ದೊಡ್ಡಸೊಸೆ, ಕಾಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತ.

ಹಜಾರದ ಮಧ್ಯೆ ಮೇಜಿನ ಮೇಲೆ ದೊಡ್ಡ ಮುಳ್ಳಿನ ತಕ್ಕಡಿ. ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕದ ಡಬ್ಬಿಯಿಂದ ಬೀಗದ ಕೈ ತೆಗೆದು, ಪೆಟ್ಟಿಗೆಯ ಮುಚ್ಚಳ ಎತ್ತಿದರು. ತೂಗುವ ಮೊದಲು ತಕ್ಕಡಿಯನ್ನು ಎರಡು ಕಿಲೋ ಕಲ್ಲಿನಿಂದ ಪರೀಕ್ಷಿಸುವುದು ಕ್ರಮ.

ಅದು ದೊಡ್ಡಸೊಸೆಗೆ ಆಗ ನೆನಪಾಯಿತು.

ವರ್ಷಾವರ್ಷ ಕಣ್ಣಾರೆ ಕಂಡ ಶಾಸ್ತ್ರ. ಮನೆಯಲ್ಲಿ ಇಟ್ಟಿಗೆ ಇತ್ತು, ರುಬ್ಬುವ ಗುಂಡಿತ್ತು, ಹಿತ್ತಲಲ್ಲಿ ಬೇಕಾದಷ್ಟು ಸಾದಾ ಕಲ್ಲುಗಳಿದ್ದವು. ಅವೆಲ್ಲವನ್ನೂ ಬಿಟ್ಟು ತಪಾಸಣೆಯ ಕಲ್ಲನ್ನೇ ಕದ್ದು ತಪಾಸಣೆಗೆ ಕೂರುವ ಬುದ್ಧಿ ತೂಕದ ಇಲಾಖೆಯವನನ್ನು ಕಟ್ಟಿಕೊಂಡವಳಿಗಲ್ಲದೆ ಇನ್ನಾರಿಗೆ ಬಂದೀತು?

ಇನ್‌ಸ್ಪೆಕ್ಟರು ಖಾಲಿ ಗುಳಿಯನ್ನು ನೋಡಿದರು. ಬೆರಳಿಟ್ಟು ನೋಡಿದರು. "ಎರಡು ಕಿಲೋ ಇಲ್ಲ," ಎಂದರು. ದನಿ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು.

"ನುಂಗಿಬಿಟ್ಟಿಯೇನೋ ಅಣ್ಣಾ? ಬಾ, ಎಕ್ಸ್‌ರೇ ತೆಗೆಸ್ತೀನಿ," ಎಂದಳು ನರ್ಸಮ್ಮ.

ಹುಡುಕಾಟ ಶುರುವಾಯಿತು. ಮಂಚದ ಕೆಳಗೆ, ಸೋಫಾದ ಸಂದಿಯಲ್ಲಿ, ಕೊಡೆಯೊಳಗೆ. ಎಲೆಗುಡ್ಡೆಗಳಲ್ಲಿ ಬಿದ್ದಿರಬಹುದು ಎಂದು ಹೆಡ್‌ಮಿಸ್ ಅಪ್ಪಣೆ ಮಾಡಿದಳು. ಹಲ್ಲಿನ ಡಾಕ್ಟರು ಒಂಬತ್ತು ಗುಡ್ಡೆಗಳನ್ನೂ ಒಂದೊಂದಾಗಿ ಕೆದರಿ, ತಲೆತುಂಬ ಎಲೆ ಮೆತ್ತಿಕೊಂಡು ಬರಿಗೈಯಲ್ಲಿ ಬಂದರು. ಎಲ್ಲರಿಗಿಂತ ಹೆಚ್ಚು ಹುಡುಕಿದವಳು ದೊಡ್ಡಸೊಸೆ. ಅಕ್ಕಿ ಡಬ್ಬಕ್ಕೂ ಕೈಹಾಕಿದಳು. (ಕಳ್ಳತನದಲ್ಲಿ ಶ್ರಮದ ಪಾಲು ಇಷ್ಟಿರುತ್ತದೆಂದು ಆಕೆಗೆ ಮೊದಲೇ ಯಾರೂ ಹೇಳಿರಲಿಲ್ಲ.)

"ಪರೀಕ್ಷೆ ಮಾಡದ ತಕ್ಕಡೀಲಿ ನಾನು ತೂಗಲ್ಲ," ಎಂದು ಇನ್‌ಸ್ಪೆಕ್ಟರು ಮುಚ್ಚಳ ಮುಚ್ಚಿದರು.

"ಬೇಡವೇ ಬೇಡ ಬಿಡಿ ಭಾವ," ಎಂದಳು ಹೆಡ್‌ಮಿಸ್ ಜೇನಿನಂಥ ದನಿಯಲ್ಲಿ. "ತೂಗದ ವರ್ಷ ಸೌಟು ಇದ್ದವರ ಹತ್ರಾನೇ ಇರಬೇಕು, ಆ ವರ್ಷವೂ ಲೆಕ್ಕಕ್ಕೆ ಸೇರಬೇಕು ಅಂತ ಮಾವನವರೇ ಬರೆದಿಟ್ಟಿದಾರೆ. ಅಲ್ಲಿಗೆ ಎಂಟಾಯ್ತು. ನಂಗೇನೂ ಬೇಜಾರಿಲ್ಲ."

ನುಂಗುವಂತಿಲ್ಲ, ಉಗುಳುವಂತಿಲ್ಲ. ಕಲ್ಲು ಹೊರಬಂದರೆ ಮಾನ ಹೋಯಿತು, ಒಳಗೇ ಇದ್ದರೆ ಸೌಟು ಹೋಯಿತು. ದೊಡ್ಡಸೊಸೆ ಪೆಟ್ಟಿಗೆಯ ಮುಚ್ಚಳವನ್ನು ಫಟ್ಟನೆ ಮತ್ತೆ ತೆರೆದಳು.

"ಒಂದು ಕಿಲೋ! ಐನೂರು! ಎರಡು ಇನ್ನೂರು! ಒಂದು ನೂರು! ಇಷ್ಟನ್ನೂ ಸೇರಿಸಿದ್ರೆ ಎರಡು ಕಿಲೋ ಆಗಲ್ವೇನ್ರೀ?"

ಇಷ್ಟು ವರ್ಷ ಆ ಪೆಟ್ಟಿಗೆಯನ್ನೂ ಅದರ ಯಜಮಾನನನ್ನೂ ಒಂದೇ ಉಸಿರಿನಲ್ಲಿ ಹಳಿದವಳು ಇವಳೇ. ಇನ್‌ಸ್ಪೆಕ್ಟರು ಹೆಂಡತಿಯನ್ನು ತಲೆಯಿಂದ ಕಾಲವರೆಗೆ ನೋಡಿದರು. ಹೆಣ್ಣು ನೋಡಲು ಹೋದ ದಿನವೂ ಅಷ್ಟು ಹೊತ್ತು ನೋಡಿರಲಿಲ್ಲ.

"ಆಗುತ್ತೆ," ಎಂದರು.

ತಕ್ಕಡಿ ಪರೀಕ್ಷೆಯಲ್ಲಿ ಪಾಸಾಯಿತು. ಹೆಡ್‌ಮಿಸ್‌ಳ ಕಾಯನ್ನು ಮೊದಲು ಇಟ್ಟರು. ಇನ್‌ಸ್ಪೆಕ್ಟರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತರು. "ಹದಿನಾಲ್ಕು ಕಿಲೋ ಇನ್ನೂರು ಗ್ರಾಂ."

"ಹದಿನಾಲ್ಕು!" ಎಂದಳು ಹೆಡ್‌ಮಿಸ್, ಶಾಲೆಯ ಫಲಿತಾಂಶ ಓದುವ ಹಾಗೆ.

ದೊಡ್ಡಸೊಸೆಯ ಕಾಯನ್ನು ಇಟ್ಟರು. ಮತ್ತೆ ಕೈಗಳು ಬೆನ್ನ ಹಿಂದೆ. ಮುಳ್ಳು ಹದಿಮೂರು ದಾಟಿತು, ಹದಿನಾಲ್ಕು ದಾಟಿತು, ನಿಲ್ಲುವ ಲಕ್ಷಣವನ್ನೇ ತೋರದೆ ಮುಂದಕ್ಕೆ ನಡೆಯಿತು.

"ಹದಿನೈದು ಕಿಲೋ ಒಂಬೈನೂರ ನಲವತ್ತು ಗ್ರಾಂ."

ನರ್ಸಮ್ಮ ಸಿಳ್ಳೆ ಹೊಡೆದಳು. ಹೆಡ್‌ಮಿಸ್‌ಳ ಮುಖ ಸುಣ್ಣದ ಗೋಡೆಯಾಯಿತು. ದೊಡ್ಡಸೊಸೆ ಹೋಗಿ ಮಾವನವರ ಕೈಕುರ್ಚಿಯಲ್ಲಿ ಕೂತಳು. ಕುರ್ಚಿ ಅಲ್ಲಾಡಿತು. ಸಿಂಹಾಸನಗಳು ಅಲ್ಲಾಡುವುದು ಸಹಜ ಎಂದುಕೊಂಡು ಕೈಚಾಚಿದಳು.

"ಎಲ್ಲಮ್ಮಾ ಸೌಟು?"

"ತಾಳಿ ಅತ್ತಿಗೆ, ಅದಕ್ಕೆ ಮೊದಲು ಚಾಕು!" ಎಂದಳು ನರ್ಸಮ್ಮ. "ಗೆದ್ದ ಕಾಯನ್ನ ಹೋದ ವರ್ಷ ಗೆದ್ದವರು ಎಲ್ಲರ ಎದುರಿಗೆ ಹೆಚ್ಚಬೇಕು. ಚಾಕು ಬಿದ್ದ ಮೇಲೇ ಸೌಟು ಕೈ ಬದಲಾಯಿಸೋದು. ಮರೆತುಬಿಟ್ರಾ?"

ಮರೆತಿದ್ದಳು. ಏಳು ವರ್ಷ ಸೋತವರಿಗೆ ಗೆದ್ದವರ ಕರ್ತವ್ಯಗಳು ನೆನಪಿರುವುದಿಲ್ಲ. ಆಕೆಯ ಕಾಯಿ ಪ್ರತಿ ವರ್ಷವೂ ಇಡಿಯಾಗಿ ಮೂಲೆ ಸೇರುತ್ತಿತ್ತು, ಚಾಕು ಬೀಳುತ್ತಿದ್ದದ್ದು ಬೇರೆಯವರದಕ್ಕೆ. ಈ ಸಲವೂ ಹಾಗೇ ಆಗುತ್ತದೆಂಬ ಲೆಕ್ಕದಲ್ಲೇ ಆಕೆ ಗೆಲ್ಲಲು ಹೊರಟಿದ್ದಳು.

"ಅಯ್ಯೋ, ಇಷ್ಟು ಒಳ್ಳೇ ಕಾಯಿ! ಹೆಚ್ಚೋದು ಬೇಡ, ಬೀಜಕ್ಕೆ ಇಡೋಣ."

"ಬೀಜಕ್ಕೆ ಇಡಬೇಕಂದ್ರೂ ಕೊಯ್ಯಲೇಬೇಕಲ್ಲ ಅಕ್ಕಾ," ಎಂದಳು ಹೆಡ್‌ಮಿಸ್. ಸೋತವಳ ಕೈಯಲ್ಲಿ ಚಾಕು ಸಿಕ್ಕರೆ ಒಳ್ಳೆಯದಲ್ಲ. ಆಕೆ ಎಂದಿನಂತೆ ಅದನ್ನು ಗಂಡನಿಗೆ ದಾಟಿಸಿದ್ದು ಇನ್ನೂ ಒಳ್ಳೆಯದಾಗಲಿಲ್ಲ.

ಹಲ್ಲಿನ ಡಾಕ್ಟರು ಕಾಯನ್ನು ಮಗುಚಿ ಹಾಕಿದರು. ಕನ್ನಡಕ ಏರಿಸಿದರು. ಉಗುರಿನಿಂದ ತಳವನ್ನು ಕೆರೆದರು. ಇಪ್ಪತ್ತೇಳು ವರ್ಷದ ಅನುಭವವುಳ್ಳ ಅವರ ಮುಖದ ಮೇಲೆ ಒಂದು ಕಳೆ ಬಂತು.

"ಅತ್ತಿಗೆ, ಇಲ್ಲೊಂದು ಫಿಲ್ಲಿಂಗ್ ಇದೆ."

"ಏನಿದೆ?"

"ಫಿಲ್ಲಿಂಗ್. ಯಾರು ಮಾಡಿದ್ದೋ, ಕೆಲಸ ಅಚ್ಚುಕಟ್ಟಾಗಿದೆ. ಅಂಚಲ್ಲಿ ಒಂಚೂರು ಬಿಟ್ಟಿದೆ ಅಷ್ಟೆ. ತೆಗೆದು ನೋಡ್ಲಾ?"

ಯಾರೂ ಉತ್ತರಿಸುವ ಮೊದಲೇ ಚಾಕುವಿನ ತುದಿಯಿಂದ ಮೇಣವನ್ನು ಬಿಡಿಸಿ, ನೋವಾಗದ ಹಾಗೆ ಬಿರಡೆಯನ್ನು ಕಿತ್ತು, ಎರಡು ಬೆರಳು ಒಳಗಿಳಿಸಿ ಎಳೆದರು. ಬೂದುಬಣ್ಣದ ಕಾಲುಚೀಲವೊಂದು ಹೊರಬಂತು. ಅದರಿಂದ ಎರಡು ಕಿಲೋ ಕಲ್ಲು ಮೇಜಿನ ಮೇಲೆ ದಢ್ ಎಂದು ಬಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಯಾರು ಮಾಡಿದರೋ, ಅವರು ಈ ಹಜಾರದಲ್ಲಿ ಒಮ್ಮೆ ನಿಂತಿರಲೇಬೇಕು. ದೊಡ್ಡಸೊಸೆಯ ಬಲಗೈ ತಾನಾಗಿ ಹೆಗಲಿಗೆ ಹೋಗಿ ಸೆರಗು ಸರಿಮಾಡಿತು. ಆದರೆ ಅದನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಕಾಲುಚೀಲದ ಮೇಲಿತ್ತು. ಅದರ ಹಿಮ್ಮಡಿಯಲ್ಲಿ ಕೆಂಪು ದಾರದ ಗುರುತಿತ್ತು. ಎಡಗಾಲಿನದು ಬಲಗಾಲಿಗೆ ಹೋಗಿ ಸವೆತದಲ್ಲಿ ಅಸಮಾನತೆ ಉಂಟಾಗದಿರಲಿ ಎಂದು ತಮ್ಮ ಎಡಗಾಲಿನ ಚೀಲಗಳಿಗೆಲ್ಲ ಕೆಂಪು ದಾರ ಹಾಕಿಸುವವರು ಲೋಕದಲ್ಲಿ ಒಬ್ಬರೇ.

"ಅಣ್ಣಾ!" ಎಂದಳು ನರ್ಸಮ್ಮ. "ನೀನಾ?"

"ಭಾವ!" ಎಂದಳು ಹೆಡ್‌ಮಿಸ್. "ನೀವಾ?"

ಇನ್‌ಸ್ಪೆಕ್ಟರು ಕಾಲುಚೀಲವನ್ನು ಎತ್ತಿ ಬೆಳಕಿಗೆ ಹಿಡಿದರು. "ಕಾಲುಚೀಲ ನನ್ನದು," ಎಂದರು. "ಕಲ್ಲೂ ನನ್ನದು. ಬೀಗದ ಕೈ ಇರೋದೂ ನನ್ನ ಡಬ್ಬೀಲೇ."

ಅಷ್ಟೂ ನಿಜ. ಅಲ್ಲಿಗೆ ಬಾಯಿ ಮುಚ್ಚಿದರು. ದೊಡ್ಡಸೊಸೆ ಉಸಿರು ಬಿಗಿಹಿಡಿದು ಮುಂದಿನ ಮಾತಿಗೆ ಕಾದಳು. ಅದು ಬರಲಿಲ್ಲ. ಪುಣ್ಯಕ್ಕೆ ಹೃದಯದ ಜೊತೆ ಬುದ್ಧಿಯೂ ಇಲ್ಲ ಈ ಮನುಷ್ಯನಿಗೆ ಎಂದುಕೊಂಡಳು.

"ಅಕ್ಕನ ಕಾಯಿ ಅನರ್ಹ," ಎಂದಳು ಹೆಡ್‌ಮಿಸ್.

"ಯಾಕೆ? ಅತ್ತಿಗೆ ಪಾಪ ಏನು ಮಾಡಿದ್ರು? ಹೆಂಡತಿ ಮೇಲೆ ಪ್ರೀತಿ ಉಕ್ಕಿ ಅಣ್ಣ ಮಾಡಿದ ಕೆಲಸ," ಎಂದಳು ನರ್ಸಮ್ಮ. ಈ ಮಾತನ್ನು ಹೇಳಿ ತಾನೇ ನಕ್ಕು ಕಣ್ಣೊರೆಸಿಕೊಂಡಳು. "ಕಲ್ಲು ತೆಗೆದು ಮತ್ತೆ ತೂಗಿ. ನ್ಯಾಯ ಅಂದ್ರೆ ಅದು."

ಹೆಡ್‌ಮಿಸ್ ಕಾಯಿಯ ತೂತಿನೊಳಗೆ ಇಣುಕಿದಳು. ಒಳಗೆ ಒಂದು ಗವಿಯೇ ಇತ್ತು. "ಓಹೋ, ಧಾರಾಳವಾಗಿ ತೂಗಿ," ಎಂದಳು.

ಇನ್‌ಸ್ಪೆಕ್ಟರು ಕಲ್ಲು ತೊಳೆಯಲು ಅಡುಗೆಮನೆಗೆ ಹೋದರು. ಕಾಯಿ ಒರೆಸಲು ಬಟ್ಟೆ ತರುವ ನೆಪದಲ್ಲಿ ದೊಡ್ಡಸೊಸೆಯೂ ಹೋದಳು. ಅವರು ನಲ್ಲಿ ತಿರುಗಿಸಿ, ಹಿಂದೆ ನೋಡದೆ, "ಆರುನೂರ ನಲವತ್ತು," ಎಂದರು.

"ಏನದು?"

"ನಿನ್ನೆ ಬೆಳಿಗ್ಗೆ ಹಾಲು ತೆಗೆಯೋಕೆ ಫ್ರಿಜ್ ತೆಗೆದಾಗ ಒಂದು ಬಟ್ಟಲು ಕಂಡಿತು. ತೂಗಿದೆ. ಬಟ್ಟಲು ಬಿಟ್ಟು ಆರುನೂರ ನಲವತ್ತು ಗ್ರಾಂ. ಬೀಜ ಸೇರಿ."

ದೊಡ್ಡಸೊಸೆಯ ಕೈಯಿಂದ ಬಟ್ಟೆ ಜಾರಿತು. "ಅಂದ್ರೆ ನಿಮಗೆ ಗೊತ್ತಿತ್ತಾ?"

"ಈಗ ತೂಗಿದ್ದು ಹದಿನೈದು ಒಂಬೈನೂರ ನಲವತ್ತು. ಎರಡು ಕಿಲೋ ಕಲ್ಲು ಕಳೆ. ಕಾಲುಚೀಲ ನಲವತ್ತು ಗ್ರಾಂ, ಅದನ್ನೂ ಕಳೆ. ಹದಿಮೂರು ಒಂಬೈನೂರು. ನೀನು ತೋಡಿ ತೆಗೆದದ್ದನ್ನ ಸೇರಿಸು."

ಆಕೆ ಸೇರಿಸಿದಳು. ಅಂದು ಆಕೆಯ ಗಣಿತ ಚುರುಕಾಗಿತ್ತು. ಹದಿನಾಲ್ಕು ಕಿಲೋ ಐನೂರ ನಲವತ್ತು. ಹೆಡ್‌ಮಿಸ್‌ಳದು ಹದಿನಾಲ್ಕು ಇನ್ನೂರು.

"ಮುಟ್ಟದೆ ಇದ್ದಿದ್ರೆ ಮುನ್ನೂರ ನಲವತ್ತು ಗ್ರಾಂನಿಂದ ಗೆಲ್ತಿದ್ದೆ," ಎಂದರು ಇನ್‌ಸ್ಪೆಕ್ಟರು.

ದೊಡ್ಡಸೊಸೆ ಅಲ್ಲೇ ಅಕ್ಕಿ ಡಬ್ಬದ ಮೇಲೆ ಕುಸಿದಳು. ಗೆದ್ದ ಕಾಯನ್ನು ಕಷ್ಟಪಟ್ಟು ಸೋಲಿಸಿ, ಬೇಯಿಸಿ, ಒಗ್ಗರಣೆ ಹಾಕಿ ಗಂಡನಿಗೆ ಬಡಿಸಿದ್ದಳು. ಎರಡನೆಯ ಸಲ ಕೈಯಾರೆ ಹಾಕಿದ್ದೂ ತಾನೇ.

"ನಿನ್ನೇನೇ ಹೇಳಬಾರದಿತ್ತೇನ್ರೀ!"

"ಮುಂಚಿತವಾಗಿ ತೂಕ ಹೇಳೋ ಹಾಗಿಲ್ಲ."

"ಈಗಲಾದ್ರೂ ಆಚೆ ಹೋಗಿ ಹೇಳಿ. ಕಾಯಿದು ನಿಜವಾದ ತೂಕ ಇಷ್ಟು ಅಂತ!"

"ಉಳಿದದ್ದು ಎಲ್ಲಿ ಅಂತ ಕೇಳಿದ್ರೆ? ನಾನು ತಿಂದೆ ಅನ್ನಲಾ?" ನಲ್ಲಿ ನಿಲ್ಲಿಸಿದರು. "ತಕ್ಕಡಿ ಎದುರಿಗಿರೋದನ್ನ ಮಾತ್ರ ತೂಗುತ್ತೆ. ಇದ್ದದ್ದನ್ನ ತೂಗಲ್ಲ."

"ನಿಮಗೆ ಹೃದಯ ಇಲ್ಲ."

"ಮುನ್ನೂರು ಗ್ರಾಂ," ಎಂದು ಹೇಳಿ ಅವರು ಕಲ್ಲಿನ ಮೇಲೆ ಗಾಳಿ ಊದುತ್ತ ಹೊರಗೆ ಹೋದರು.

ಹಜಾರದಲ್ಲಿ ಕಾಯಿ ಮತ್ತೆ ತಕ್ಕಡಿಯ ಮೇಲಿತ್ತು. ಬಿರಡೆಯನ್ನೂ ಅದರ ಜೊತೆಗೆ ಇಡಬೇಕೆಂದು ಹಲ್ಲಿನ ಡಾಕ್ಟರು ಹೇಳಿ, ಹೆಂಡತಿಯ ಕಣ್ಣು ನೋಡಿ, ಇಟ್ಟೂ ಇಟ್ಟರು. ಹೆಡ್‌ಮಿಸ್ ಕನ್ನಡಕ ಹಾಕಿಕೊಂಡು ಮುಳ್ಳಿಗೆ ಮೂಗು ತಾಗಿಸುವಷ್ಟು ಬಾಗಿದಳು. ನರ್ಸಮ್ಮ ಇನ್ನೊಂದು ಕಡೆಯಿಂದ ಬಾಗಿದಳು. ದೊಡ್ಡಸೊಸೆಗೆ ಮುಳ್ಳನ್ನು ನೋಡುವ ಧೈರ್ಯವಿರಲಿಲ್ಲ. ತಾನು ತೋಡಿದ ಗುಂಡಿಯ ಆಳವನ್ನು ಅಂಕಿಯಲ್ಲಿ ಓದುವುದು ಯಾರಿಗೆ ಬೇಕು? ಆಕೆ ಹೋಗಿ ಗಂಡನ ಬೆನ್ನ ಹಿಂದೆ ನಿಂತು ತಲೆ ತಗ್ಗಿಸಿದಳು.

"ಹದಿಮೂರು," ಎಂದಳು ಹೆಡ್‌ಮಿಸ್. "ಹದಿಮೂರು ಒಂಬೈನೂರು. ಎಂಟು ವರ್ಷ!"

"ಮುಳ್ಳು ಇನ್ನೂ ನಿಂತಿಲ್ಲ," ಎಂದರು ಇನ್‌ಸ್ಪೆಕ್ಟರು.

ತಲೆ ತಗ್ಗಿಸಿದ ದೊಡ್ಡಸೊಸೆಯ ಕಣ್ಣಿಗೆ ಬಿದ್ದದ್ದು ಇಸ್ತ್ರಿ ಮಾಡಿದ ಆ ಅಂಗಿಯ ಬೆನ್ನು. ಅಲ್ಲಿ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡು ಇರಬೇಕಿತ್ತು, ಮೂವತ್ತೊಂಬತ್ತು ವರ್ಷ ಆಕೆ ನೋಡಿದ ಹಾಗೆ.

ಒಂದೇ ಕೈ ಇತ್ತು. ಎಡಗೈ. ಹಿಡಿಯಲು ಜೊತೆಯಿಲ್ಲದೆ ಅದು ಬರಿದೇ ಬೆರಳು ಮಡಚಿಕೊಂಡು ನಿಂತಿತ್ತು.

"ಅಯ್ಯೋ, ಏರ್ತಿದೆ!" ಎಂದು ನರ್ಸಮ್ಮ ಕೂಗಿದಳು.

"ಹದಿನಾಲ್ಕು ಕಿಲೋ," ಎಂದರು ಇನ್‌ಸ್ಪೆಕ್ಟರು. ಆಮೇಲೆ ಉಸಿರು ಬಿಗಿಹಿಡಿದು, ಒಂದು ಗೆರೆ ಹೆಚ್ಚಾಗದಂತೆ, ಒಂದು ಗೆರೆ ಕಡಿಮೆಯಾಗದಂತೆ ಮುಳ್ಳನ್ನು ಕಾದರು. "ಐನೂರ ನಲವತ್ತು ಗ್ರಾಂ."

"ಇನ್ನೊಂದ್ಸಲ ತೂಗಿ ಭಾವ!"

"ಮುಳ್ಳು ನಿಂತ ಮೇಲೆ ಮುಗೀತು. ಕಾಯಿ ಇಳಿಸಿ."

ಹಲ್ಲಿನ ಡಾಕ್ಟರು ಕಾಯನ್ನು ಎತ್ತಿಕೊಂಡರು. ಹೆಡ್‌ಮಿಸ್ ಕೈಚೀಲದ ತಳದಿಂದ ಸೌಟನ್ನು ಹುಡುಕಿ ತೆಗೆದಳು. ದೊಡ್ಡಸೊಸೆ ಅದಕ್ಕೆ ಕೈಚಾಚುವುದನ್ನು ಮರೆತು ಇನ್ನೂ ಗಂಡನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಬಲಗೈ ಮೆಲ್ಲಗೆ ಹಿಂದಕ್ಕೆ ಬಂದು, ಏನೂ ಅರಿಯದ ಹಾಗೆ, ಎಡಗೈಯನ್ನು ಸೇರಿತು. ಹೆಬ್ಬೆರಳಿನ ತುದಿ ಕೆಂಪಾಗಿತ್ತು.